ಕಾರು ಇಳಿಸುವ ಮುನ್ನ ಚಕ್ರದ ಜಾಗ ಅಳೆಯಿರಿ

ಕಾರನ್ನು ಎಷ್ಟು ಇಳಿಸಬಹುದು? ಸ್ಪೋರ್ಟ್ಸ್ ಕಾರು ಇರುವವರು ಮೊದಲು ಕೇಳುವುದೇ ಇದನ್ನು. ಇಳಿಸಿದ ಮೇಲೆ ಚಕ್ರ ಮೇಲೇಳೋದಕ್ಕೆ ಎಷ್ಟು ಜಾಗ ಉಳಿಯುತ್ತದೆ ಅಂತ ಕೇಳುವವರು ಕಡಿಮೆ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಆರಿಸುವಾಗ ನಿಜಕ್ಕೂ ಬೇಕಾದ ಲೆಕ್ಕ ಅದೇ. ಅದರಲ್ಲೂ ನಮ್ಮ ಉತ್ತರ ಕನ್ನಡದಲ್ಲಿ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವವರಿಗೆ ತಿರುವಿನ ಖುಷಿಯೂ ಬೇಕು, ಮಳೆಗಾಲದ ಹೊಂಡವೂ ದಾಟಬೇಕು.

ಇಳಿಸಿದರೆ ಲಾಭ ಇದೆ, ಸುಳ್ಳಲ್ಲ. ತಿರುವಿನಲ್ಲಿ ಕಾರಿನ ಭಾರ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಸರಿಯುತ್ತದೆ. ಭಾರಕೇಂದ್ರ ಎತ್ತರದಲ್ಲಿದ್ದಷ್ಟೂ ಜಾಸ್ತಿ ಸರಿಯುತ್ತದೆ. ನೆಲದಿಂದ 50 ಸೆಂ.ಮೀ. ಮೇಲಿರುವ ಭಾರಕೇಂದ್ರ 3 ಸೆಂ.ಮೀ. ಕೆಳಗೆ ಬಂದರೆ, ಹಾಗೆ ಸರಿಯುವ ಭಾರ ಶೇ 6ರಷ್ಟು ಕಡಿಮೆಯಾಗುತ್ತದೆ. ಸಿಗುವುದು ಅಷ್ಟು.

ಕಳೆದುಕೊಳ್ಳುವುದು ಎಷ್ಟು ಅಂತ ನೋಡಿ. ಚಕ್ರ ಮೇಲೇಳಲು ಮೊದಲು 8 ಸೆಂ.ಮೀ. ಜಾಗ ಇತ್ತು ಅಂತಿಟ್ಟುಕೊಳ್ಳೋಣ. 3 ಸೆಂ.ಮೀ. ಇಳಿಸಿದರೆ ಉಳಿಯುವುದು 5. ಸ್ಪ್ರಿಂಗ್ ಹೀರಿಕೊಳ್ಳುವ ಶಕ್ತಿ ಅದು ಕುಗ್ಗುವ ದೂರದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಅದೇ ಹೊಂಡದ ಹೊಡೆತವನ್ನು ಈ 5 ಸೆಂ.ಮೀ. ಒಳಗೇ ತಡೆಯಬೇಕಾದರೆ ಸ್ಪ್ರಿಂಗ್ 2.56 ಪಟ್ಟು ಗಟ್ಟಿ ಇರಬೇಕು. ಇಲ್ಲದಿದ್ದರೆ ಕೊನೆಯ ರಬ್ಬರ್ ತುಂಡು, ಅಂದರೆ ಬಂಪ್ ಸ್ಟಾಪ್, ಧಡ್ ಅಂತ ಹೊಡೆಸಿಕೊಳ್ಳುತ್ತದೆ. ತಿರುವಿನ ನಡುವೆ ಹೀಗಾದರೆ ಆ ಮೂಲೆ ಒಮ್ಮೆಲೇ ಕಲ್ಲಿನಂತಾಗಿ ಟೈರು ಹಿಡಿತ ಬಿಡುತ್ತದೆ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿದರಾಯ್ತು ಅಲ್ವಾ? ಅಷ್ಟು ಸುಲಭ ಇಲ್ಲ. ಪ್ರತಿ ಕಾರಿಗೂ ತನ್ನದೇ ಕುಣಿತದ ವೇಗ ಇರುತ್ತದೆ. ಮನೆಮಂದಿ ಓಡಾಡುವ ಕಾರು ಸೆಕೆಂಡಿಗೆ ಸುಮಾರು 1ರಿಂದ 1.5 ಸಲ ಕುಣಿಯುತ್ತದೆ. 1.25 ಇದ್ದ ಕಾರಿಗೆ 2.56 ಪಟ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದು 2ಕ್ಕೆ ಏರುತ್ತದೆ. ರೇಸ್ ಟ್ರ್ಯಾಕಿಗೆ ಅದು ಚೆನ್ನ. ತೇಪೆ ಹಾಕಿದ ರಸ್ತೆಯಲ್ಲಿ ಟೈರು ನೆಲಕ್ಕೆ ಒತ್ತಿ ಕೂರುವ ಬದಲು ಪುಟಿಯುತ್ತದೆ. ಗಟ್ಟಿ ಇದ್ದರೆ ಹಿಡಿತ ಜಾಸ್ತಿ ಅನ್ನುವ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ನನ್ನನ್ನು ಕೇಳಿದರೆ ನಮ್ಮ ಕಡೆಗೆ 2 ಸೆಂ.ಮೀ. ಸಾಕು. ಆಗ 6 ಸೆಂ.ಮೀ. ಉಳಿಯುತ್ತದೆ, ಸ್ಪ್ರಿಂಗ್ ಸುಮಾರು 1.8 ಪಟ್ಟು ಗಟ್ಟಿಯಾದರೆ ಸಾಕು, ಕುಣಿತ 1.7ರ ಒಳಗೇ ನಿಲ್ಲುತ್ತದೆ.

ಗ್ಯಾರೇಜಿನಲ್ಲಿ ಹಳೇ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡುವುದುಂಟು. ದಯವಿಟ್ಟು ಬೇಡ. ಕೆಲಸ ಮಾಡುವ 6 ಸುತ್ತಿನಲ್ಲಿ 1 ಹೋದರೆ ಸ್ಪ್ರಿಂಗ್ ಗಟ್ಟಿಯಾಗುವುದು 1.2 ಪಟ್ಟು ಮಾತ್ರ. ಕಾರು ಬೇಕಾದಷ್ಟು ಇಳಿಯುತ್ತದೆ, ಬೇಕಾದಷ್ಟು ಬಲ ಬರುವುದಿಲ್ಲ. ಅದೇ ತಂತಿಯ ದಪ್ಪದ ಪ್ರಭಾವ ನೋಡಿ: ಸುತ್ತಿನ ಅಗಲ ಅಷ್ಟೇ ಇಟ್ಟು 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ಬಳಸಿದರೆ ಸ್ಪ್ರಿಂಗ್ ಸುಮಾರು ಶೇ 38ರಷ್ಟು ಗಟ್ಟಿ. ಇಳಿಸಲೆಂದೇ ಮಾಡಿದ ಸ್ಪ್ರಿಂಗ್ ಬೇಕು ಅನ್ನುವುದು ಇದಕ್ಕೇ.

ಈಗ ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಶಕ್ತಿಯನ್ನು ಕೂಡಿಟ್ಟು ವಾಪಸ್ ಕೊಡುತ್ತದೆ, ಇದು ಅದನ್ನು ಬಿಸಿಯಾಗಿ ಕಳೆಯುತ್ತದೆ. ಒಳಗೆ ಎಣ್ಣೆ, ಸಣ್ಣ ತೂತುಗಳಿರುವ ಪಿಸ್ಟನ್. ಹೋಳಿಯ ಪಿಚಕಾರಿಯನ್ನು ಮೆಲ್ಲಗೆ ಒತ್ತಿದರೆ ಹಗುರ, ಜೋರಾಗಿ ಒತ್ತಿದರೆ ಕೈಗೇ ಎದುರು ನಿಲ್ಲುತ್ತದಲ್ಲ, ಹಾಗೆ. ಸ್ಪ್ರಿಂಗ್ 1.8 ಪಟ್ಟು ಗಟ್ಟಿಯಾದರೆ ಶಾಕ್ ಅಬ್ಸಾರ್ಬರಿನ ತಡೆಯೂ ಅದರ ವರ್ಗಮೂಲದಷ್ಟು, ಅಂದರೆ ಸುಮಾರು 1.3 ಪಟ್ಟು ಹೆಚ್ಚಬೇಕು. ಹಳೆಯದನ್ನೇ ಬಿಟ್ಟರೆ ಕಾರು ಹೊಂಡ ದಾಟಿದ ಮೇಲೂ ತೂಗುತ್ತಿರುತ್ತದೆ. ಹಾಗಂತ ಸುಮ್ನೆ ಬಿಗಿ ಮಾಡುತ್ತಾ ಹೋಗಬಾರದು. ಹಿಗ್ಗುವಾಗಿನ ತಡೆ ಅತಿಯಾದರೆ ಹೆದ್ದಾರಿಯಲ್ಲಿ ಸಾಲಾಗಿ ಹಾಕಿರುವ ಸಣ್ಣ ಪಟ್ಟಿಗಳ ಮೇಲೆ ಚಕ್ರ ಒಮ್ಮೆ ಮೇಲೆ ಹೋಗಿದ್ದು ಕೆಳಗೆ ಬರುವಷ್ಟರಲ್ಲಿ ಮುಂದಿನ ಪಟ್ಟಿ ಬಂದಿರುತ್ತದೆ. ಪಟ್ಟಿ ದಾಟಿದಂತೆ ಕಾರು ಕುಗ್ಗುತ್ತಾ ಕುಗ್ಗುತ್ತಾ ಬಂಪ್ ಸ್ಟಾಪಿಗೆ ಕೂರುತ್ತದೆ. ಬಿಗಿ ಹೊಂದಿಸಬಹುದಾದ, ಕಡಿಮೆ ಉದ್ದದ ಶಾಕ್ ಅಬ್ಸಾರ್ಬರಿಗೆ ಸ್ವಲ್ಪ ಜಾಸ್ತಿ ದುಡ್ಡು ಹಾಕುವುದು ಒಳ್ಳೆಯದು.

ಕಾರವಾರದವರಿಗೆ ಇನ್ನೊಂದು ಮಾತು. ಕಡಲ ಗಾಳಿಯ ಉಪ್ಪು ಸ್ಪ್ರಿಂಗಿನ ಶತ್ರು. ಕೆಳಗಿನ ತಟ್ಟೆಯಲ್ಲಿ ಮರಳು, ನೀರು ನಿಂತು ಬಣ್ಣ ಕಿತ್ತರೆ ಅಲ್ಲೇ ತುಕ್ಕಿನ ಸಣ್ಣ ಗುಳಿ ಬೀಳುತ್ತದೆ. ಬಿರುಕು ಹುಟ್ಟುವುದು ಆ ಗುಳಿಯಿಂದ. ಮಳೆಗಾಲ ಮುಗಿದ ಮೇಲೆ ಆ ಜಾಗವನ್ನು ತೊಳೆದು, ಬೆರಳಾಡಿಸಿ ನೋಡಿ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ವಿವರಕ್ಕಿಂತ ನೋಂದಣಿ ವಿವರ ಬೇರೆಯಾಗುವಂತೆ ವಾಹನ ಬದಲಿಸುವುದಕ್ಕೆ ಅಡ್ಡಿ ಹಾಕುತ್ತದೆ. ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಎಲ್ಲ ಕೂರಿಸಿದ ಮೇಲೆ ಒಂದು ಚಕ್ರ ಪೂರ್ತಿ ನೇತಾಡುವಂತೆ ಜಾಕ್ ಕೊಟ್ಟು ಸ್ಪ್ರಿಂಗ್ ಹಿಡಿದು ಅಲ್ಲಾಡಿಸಿ. ಗಲಗಲ ಅಂದರೆ ಅದು ಗಿಡ್ಡವಾಯಿತು ಅಂತ ಅರ್ಥ, ಹಂಪ್ ಹಾರಿದಾಗ ತನ್ನ ಜಾಗದಿಂದ ಜಾರಬಹುದು. ಆಮೇಲೆ ಶಾಕ್ ಅಬ್ಸಾರ್ಬರಿನ ಹೊಳೆಯುವ ಸರಳಿಗೆ, ಕೊಳವೆಯ ಬಾಯಿಗೆ ತಾಗುವಂತೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ. ಇಬ್ಬರು ಕೂತು, ಡಿಕ್ಕಿಯಲ್ಲಿ ಸಾಮಾನು ಹಾಕಿ, ಘಟ್ಟ ಹತ್ತಿ ಇಳಿದು ಬನ್ನಿ. ಎಷ್ಟು ಕುಗ್ಗಿತ್ತೋ ಅಲ್ಲಿಯವರೆಗೆ ಟೈ ಸರಳಿನ ಮೇಲೆ ಸರಿದಿರುತ್ತದೆ. ಬಂಪ್ ಸ್ಟಾಪಿನ ಹತ್ತಿರ ಹೋಗಿ ನಿಂತಿದ್ದರೆ ಸಾಕು. ಅದರೊಳಗೇ ಅಪ್ಪಚ್ಚಿಯಾಗಿದ್ದರೆ ಕಾರನ್ನು ಅರ್ಧ ಸೆಂ.ಮೀ. ಎತ್ತರಿಸಿ, ಟೈ ಬದಲಿಸಿ, ಮತ್ತೊಂದು ಸಲ ಘಟ್ಟ ಹತ್ತಿ.