ಪರಂಗಿ ಹಣ್ಣಿನಲ್ಲಿ ಫ್ರಾನ್ಸ್, ವಾಲ್‌ನಟ್‌ನಲ್ಲಿ ವೇಲ್ಸ್

ಮಿಕ್ಸಿ ತರಲು ಹೋಗಿದ್ದೆ. ಅಂಗಡಿಯವರು ಮೊದಲೇ ಹೇಳಿಬಿಟ್ಟರು: ‘ಗ್ಯಾರಂಟಿ ಇಲ್ಲ, ವಾರಂಟಿ ಎರಡು ವರ್ಷ ಇದೆ.’ ಗ್ಯಾರಂಟಿ ಅಂದರೆ ಹೊಸದನ್ನೇ ಕೊಡಬೇಕು, ವಾರಂಟಿ ಅಂದರೆ ರಿಪೇರಿ ಮಾಡಿಕೊಟ್ಟರೆ ಸಾಕು. ಅಂಗಡಿಯ ಲೆಕ್ಕ ಅದು. ಆದರೆ ಹುಟ್ಟಿನಲ್ಲಿ ಇವೆರಡೂ ಒಂದೇ ಪದ. ಇಂಗ್ಲಿಷಿನ ಮನೆಗೆ ಎರಡು ಸಲ, ಎರಡು ಬಾಗಿಲಿನಿಂದ ಬಂದಿದೆ.

1066ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್‌ನಲ್ಲಿ ಗೆದ್ದು ಇಂಗ್ಲೆಂಡಿನ ರಾಜನಾದ. ಅವನ ಜೊತೆ ಬಂದವರು ಆಡುತ್ತಿದ್ದದ್ದು ಉತ್ತರ ಫ್ರಾನ್ಸಿನ ಫ್ರೆಂಚ್. ಜರ್ಮನ್ ಬುಡಕಟ್ಟುಗಳಿಂದ ಬಂದ ಪದಗಳ ಮೊದಲಲ್ಲಿದ್ದ ‘ವ’ ಅಲ್ಲಿ ‘ವ’ ಆಗಿಯೇ ಉಳಿದಿತ್ತು. ಪ್ಯಾರಿಸ್ ಕಡೆ ಅದೇ ‘ವ’ ಹೋಗಿ ‘ಗ’ ಆಗಿತ್ತು. ನಮ್ಮಲ್ಲಿ ವನ ಬನವಾಗಿ, ವರ್ಣ ಬಣ್ಣವಾಗಿಲ್ಲವೇ, ಹಾಗೆಯೇ ಇದು. ನಾರ್ಮನ್ನರ ಬಾಯಿಂದ ವಾರಂಟಿ ಬಂತು. ಮುಂದೆ ಪ್ಯಾರಿಸ್ಸಿನ ಫ್ರೆಂಚಿಗೆ ಬೆಲೆ ಏರಿದ ಮೇಲೆ ‘ಗ’ ಇರುವ ರೂಪವೂ ಬಂತು. ಹಾಸ್ಟೆಲ್ ಫಾರಂನಲ್ಲಿ ವಾರ್ಡನ್ ಸಹಿ ಒಂದು ಕಡೆ, ಲೋಕಲ್ ಗಾರ್ಡಿಯನ್ ಸಹಿ ಇನ್ನೊಂದು ಕಡೆ ಬೇಕು, ಅಲ್ವಾ? ಇವೂ ಅಂಥದ್ದೇ ಜೋಡಿ. ಎರಡರ ಅರ್ಥವೂ ಕಾಯುವವನು ಅಂತಲೇ. ವಿಲಿಯಂ ಹೆಸರು ಕೂಡ ಇವತ್ತಿನ ಫ್ರೆಂಚಿನಲ್ಲಿ ಗಿಯೋಮ್.

ಈ ಒಂದು ನಿಯಮ ಗೊತ್ತಿದ್ದರೆ ಫ್ರೆಂಚ್ ಭೂಪಟ ಓದುವುದು ಸುಲಭ. ಅದರಲ್ಲಿ ಇಂಗ್ಲೆಂಡಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ಹೆಸರು ‘ಪೇಯಿ ದ ಗಾಲ್’. ‘ಪೇಯಿ’ ಅಂದರೆ ನಾಡು. ಮೊದಲಿಗೆ ಬೇರೆಯೇ ಹೆಸರು ಅನ್ನಿಸುತ್ತದೆ. ‘ಗ’ ತೆಗೆದು ‘ವ’ ಇಟ್ಟು ನೋಡಿ, ವೇಲ್ಸ್ ಸಿಗುತ್ತದೆ.

ಆ ಹೆಸರನ್ನು ವೇಲ್ಸಿನವರು ಇಟ್ಟುಕೊಂಡದ್ದಲ್ಲ ಅನ್ನುವುದು ನನಗೆ ಇಡೀ ಕಥೆಯಲ್ಲಿ ಮನಸ್ಸಿಗೆ ನಾಟುವ ಭಾಗ. ಐದನೇ ಶತಮಾನದಲ್ಲಿ ಆಂಗ್ಲರು, ಸ್ಯಾಕ್ಸನ್ನರು ಸಮುದ್ರ ದಾಟಿ ಬ್ರಿಟನ್ನಿಗೆ ಬಂದು ನೆಲೆ ಊರತೊಡಗಿದರು. ಅಲ್ಲಿ ಮೊದಲಿನಿಂದ ಇದ್ದ ಜನರನ್ನು ಅವರು ‘ವೆಯಲ್ಹ್’ ಎಂದು ಕರೆದರು. ಹಾಗೆಂದರೆ ಪರದೇಶಿ, ಹೊರಗಿನವನು. ಹೊರಗಿನಿಂದ ಬಂದವರು ಒಳಗಿದ್ದವರಿಗೆ ಇಟ್ಟ ಹೆಸರು! ಇಂಗ್ಲೆಂಡಿನ ನೈಋತ್ಯ ತುದಿಯ ಸೀಮೆ ಕಾರ್ನ್‌ವಾಲ್. ಆ ಹೆಸರಿನ ಕೊನೆಯಲ್ಲಿರುವ ‘ವಾಲ್’ ಕೂಡ ಅದೇ. ವೇಲ್ಸಿನವರು ಮಾತ್ರ ತಮ್ಮ ಭಾಷೆಯಲ್ಲಿ ತಮ್ಮ ನಾಡನ್ನು ‘ಕಮ್ರಿ’ ಅನ್ನುತ್ತಾರೆ. ಒಂದೇ ನಾಡಿನವರು, ನಮ್ಮವರು ಎಂಬ ಅರ್ಥದ ಪದದಿಂದ ಬಂದದ್ದು ಅದು.

ಈಗ ಒಂದು ಅಕ್ರೋಟು ಒಡೆಯಿರಿ. ಇಂಗ್ಲಿಷಿನಲ್ಲಿ ಅದು ವಾಲ್‌ನಟ್. ಆ ‘ವಾಲ್’ಗೂ ಗೋಡೆಗೂ ಸಂಬಂಧ ಇಲ್ಲ, ಅದು ಇದೇ ‘ವೆಯಲ್ಹ್’. ಬ್ರಿಟನ್ನಿನ ಕಾಡುಗಳಲ್ಲಿ ಹೇಝಲ್‌ನಟ್ ತಾನಾಗಿ ಬೆಳೆಯುತ್ತಿತ್ತು. ಅಕ್ರೋಟು ದಕ್ಷಿಣದಿಂದ, ರೋಮನ್ನರ ಸೀಮೆಯಿಂದ ಬಂದದ್ದು. ಹಾಗಾಗಿ ಅದು ಪರದೇಶದ ಕಾಯಿ. ಇದನ್ನು ಕನ್ನಡಿಗರಿಗೆ ಜಾಸ್ತಿ ವಿವರಿಸಬೇಕಿಲ್ಲ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು ಎನ್ನುವ ನಮಗೆ ವಾಲ್‌ನಟ್ ಅಂದರೆ ಸುಮ್ನೆ ‘ಸೀಮೆಕಾಯಿ’. ಫ್ರೆಂಚರಿಗೆ ಅದು ಹಳೆಯ ಪರಿಚಯ. ಅದಕ್ಕೇ ಅವರು ಅದನ್ನು ಬರೀ ‘ನ್ವಾ’, ಅಂದರೆ ಕಾಯಿ, ಎಂದಷ್ಟೇ ಕರೆಯುತ್ತಾರೆ.

ಹೆಸರಿಡುವವರು ಅಕ್ಕಪಕ್ಕದವರು ಅನ್ನುವುದಕ್ಕೆ ಜರ್ಮನಿಗಿಂತ ಒಳ್ಳೆಯ ಉದಾಹರಣೆ ಸಿಗದು. ಜರ್ಮನ್ನರು ತಮ್ಮ ದೇಶವನ್ನು ಡಾಯ್ಚ್‌ಲಾಂಡ್ ಅನ್ನುತ್ತಾರೆ. ‘ಜನರ ಮಾತು’ ಎಂಬ ಅರ್ಥದ ಹಳೆಯ ಪದ ಅದರ ಮೂಲ. ಫ್ರೆಂಚರಿಗೆ ಅದು ‘ಆಲ್ಮಾನ್ಯ್’. ರೈನ್ ನದಿಯ ಮೇಲ್ದಂಡೆಯಲ್ಲಿ ಅವರ ನೆರೆಯಲ್ಲಿದ್ದ ಅಲೆಮಾನಿ ಬುಡಕಟ್ಟಿನ ಹೆಸರನ್ನೇ ಇಡೀ ದೇಶಕ್ಕೆ ಕೊಟ್ಟರು. ಫಿನ್ಲೆಂಡಿನವರಿಗೆ ಪರಿಚಯವಿದ್ದದ್ದು ಸ್ಯಾಕ್ಸನ್ನರು, ಅವರು ‘ಸಾಕ್ಸಾ’ ಅಂದರು. ಪೋಲೆಂಡಿನವರು ಜರ್ಮನಿಗೆ ಇಟ್ಟ ಹೆಸರಿನ ಬೇರು ‘ಮೂಗ’ ಎಂಬ ಪದದಲ್ಲಿದೆ. ನಮ್ಮ ಮಾತು ಬಾರದವನು ಮೂಗನೇ ಸರಿ ಅನ್ನುವ ಲೆಕ್ಕ!

ಇಷ್ಟೆಲ್ಲ ಹೆಸರಿಟ್ಟ ಫ್ರೆಂಚರ ಸ್ವಂತ ಹೆಸರೂ ಅವರ ಭಾಷೆಯದ್ದಲ್ಲ. ಫ್ರೆಂಚ್ ಹುಟ್ಟಿದ್ದು ಲ್ಯಾಟಿನ್ನಿನಿಂದ. ಫ್ರಾಂಕರು ಮಾತ್ರ ಜರ್ಮನ್ ಬಳಗದ ಭಾಷೆ ಆಡುತ್ತಿದ್ದ ಜನ. ರೋಮ್ ಕುಸಿದ ಮೇಲೆ ಬಂದು ಆಳಿದರು. ನಿಧಾನವಾಗಿ ತಮ್ಮ ಮಾತು ಬಿಟ್ಟು ಆಳಿಸಿಕೊಂಡವರ ಮಾತು ಕಲಿತರು. ಹೆಸರು ಮಾತ್ರ ನೆಲಕ್ಕೆ ಅಂಟಿತು. ಅವರ ಆಳ್ವಿಕೆಯಲ್ಲಿ ಪೂರ್ತಿ ಸ್ವತಂತ್ರ ಅಂದರೆ ಫ್ರಾಂಕನೇ. ಹಾಗಾಗಿ ಆ ಪದಕ್ಕೆ ಮೊದಲು ‘ಸ್ವತಂತ್ರ’ ಎಂಬ ಅರ್ಥ ಬಂತು, ಆಮೇಲೆ ಇಂಗ್ಲಿಷಿನಲ್ಲಿ ‘ಮುಚ್ಚುಮರೆ ಇಲ್ಲದ’ ಎಂಬ ಅರ್ಥವೂ ಸೇರಿತು. ‘ಫ್ರಾಂಕಾಗಿ ಹೇಳ್ತೀನಿ’ ಅಂತ ನಾವು ಶುರು ಮಾಡುವಾಗ ನಾಲಿಗೆಯ ಮೇಲೆ ಇರುವುದು ಆ ಬುಡಕಟ್ಟು. ಕ್ರಿಕೆಟ್ ತಂಡದ ಫ್ರಾಂಚೈಸಿಯೂ ಅದೇ ಮನೆತನ.

ಇನ್ನೊಂದು ಕವಲು ಪೂರ್ವಕ್ಕೆ ಹೊರಟಿತು. ಹನ್ನೊಂದನೇ ಶತಮಾನದ ಕೊನೆಗೆ ಜೆರುಸಲೇಮಿಗಾಗಿ ಯುರೋಪಿನ ಕ್ರೈಸ್ತರು ಹೂಡಿದ ಕ್ರುಸೇಡ್ ಯುದ್ಧಗಳು ಶುರುವಾದಾಗ ಅರಬ್ಬರು ಪಶ್ಚಿಮ ಯುರೋಪಿನಿಂದ ಬಂದವರನ್ನೆಲ್ಲ ಫ್ರಾಂಕರು ಎಂದೇ ಕರೆದರು. ಪಾರ್ಸಿಯಲ್ಲಿ ಅದು ‘ಫರಂಗಿ’ ಆಯಿತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಅವನ ಹಿಂದೆ ಬಂದ ಪೋರ್ಚುಗೀಸರು ಫ್ರೆಂಚರಲ್ಲ, ಫ್ರಾಂಕರೂ ಅಲ್ಲ. ಆದರೂ ಇಲ್ಲಿ ಪರಂಗಿಯವರಾದರು. ಅವರ ಕಾಲದಲ್ಲಿ ಅಮೆರಿಕ ಖಂಡದಿಂದ ನಮ್ಮ ಹಿತ್ತಲಿಗೆ ಬಂದ ಹಣ್ಣು ಪರಂಗಿ ಹಣ್ಣಾಯಿತು. ಪಪ್ಪಾಯಿ ಎನ್ನುವವರ ಬಾಯಲ್ಲಿ ಉಳಿದಿರುವುದು ಬೇರೆ ಪದ. ಅದು ಕೆರಿಬಿಯನ್ ಕಡೆಯ ಜನ ತಮ್ಮ ಭಾಷೆಯಲ್ಲಿ ಆ ಹಣ್ಣಿಗೆ ಇಟ್ಟ ಹೆಸರು.