ಚಿಮಣಿಗೆ ಟೋಪಿ, ತಾರಸಿಗೆ ಹೊಗೆ

ಮೇ ತಿಂಗಳ ಕೊನೆಗೆ ಮುಂಬಯಿ, ಪುಣೆಯ ತಾರಸಿಗಳಲ್ಲಿ ಮಳೆಗಾಲದ ತಯಾರಿ ಶುರುವಾಗುತ್ತದೆ. ಪ್ರಯೋಗಾಲಯದ ತಾರಸಿಯಾದರೆ ರಾಸಾಯನಿಕದ ಆವಿಯನ್ನು ಹೊರಕ್ಕೆ ಎಳೆಯುವ ಗೂಡಿನ, ಅಂದರೆ ಫ್ಯೂಮ್ ಹುಡ್‌ನ ಚಿಮಣಿಗೆ ಯಾರೋ ಒಂದು ತಗಡಿನ ಟೋಪಿ ಕೂರಿಸುತ್ತಾರೆ. ಗಾಳಿ ಎಳೆಯುವ ಫ್ಯಾನಿಗೆ, ಅಂದರೆ ಬ್ಲೋವರ್‌ಗೆ, ನೀರು ಇಳಿಯಬಾರದಲ್ಲ! ಆದರೆ ಮೇಲಕ್ಕೆ ಚಿಮ್ಮಬೇಕಿದ್ದ ಆಮ್ಲದ ಆವಿ ಟೋಪಿಗೆ ಬಡಿದು ಕೆಳಗೆ ಮರಳುತ್ತದೆ. ಬೆಲ್ಟ್ ಬದಲಿಸಲೋ ಟ್ಯಾಂಕ್ ತೊಳೆಯಲೋ ಹತ್ತಿದವನ ಮೂಗಿನ ಮಟ್ಟಕ್ಕೇ ಬರುತ್ತದೆ.

19ನೇ ಶತಮಾನದ ಹುಡ್ ಎಂದರೆ ಹೊಗೆಗೂಡಿಗೆ ಅಂಟಿಸಿದ ಗಾಜಿನ ಗೂಡು. ಒಳಗೆ ಗ್ಯಾಸಿನ ಉರಿ ಹಚ್ಚಿದರೆ ಬಿಸಿಗಾಳಿ ತಾನೇ ಮೇಲೇರುತ್ತಿತ್ತು. ತಿರುಗುವ ಭಾಗವೇ ಇಲ್ಲದ ಮೇಲೆ ರಿಪೇರಿಗೆ ಹತ್ತುವವರೂ ಕಡಿಮೆ. ವಿದ್ಯುತ್ ಫ್ಯಾನ್ ಬಂದಾಗ ಬೇರಿಂಗು, ಬೆಲ್ಟು, ಅವುಗಳನ್ನು ನೋಡಿಕೊಳ್ಳುವ ಮನುಷ್ಯ ಎಲ್ಲರೂ ತಾರಸಿ ಸೇರಿದರು. ಫ್ಯಾನ್ ಅಲ್ಲೇ ಇರಬೇಕಾದದ್ದೂ ನಿಜ. ಫ್ಯಾನಿಗಿಂತ ಹಿಂದಿನ ಡಕ್ಟ್ (ಗಾಳಿಯ ಕೊಳವೆ) ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಕಟ್ಟಡದವರು ಕ್ಷೇಮ. ಫ್ಯಾನಿನ ಮುಂದೆ ಒತ್ತಡ ತಿರುಗುಮುರುಗು: ಸೀಳಿದ ಕ್ಯಾನ್ವಾಸ್ ಜೋಡಣೆ, ಸವೆದ ಶಾಫ್ಟ್ ಸೀಲ್ ಹೊರಕ್ಕೆ ಉಗುಳುತ್ತವೆ. ಮೆಕ್ಯಾನಿಕ್ ಕೂರುವುದು ಸರಿಯಾಗಿ ಅಲ್ಲೇ.

ಮುಂಬಯಿಯ ಪರಳದಲ್ಲಿ 1899ರಲ್ಲಿ ಪ್ಲೇಗ್ ಪ್ರಯೋಗಾಲಯ, ಮುಂಬಯಿ ವಿಶ್ವವಿದ್ಯಾಲಯದಲ್ಲಿ 1933ರಲ್ಲಿ ರಾಸಾಯನಿಕ ತಂತ್ರಜ್ಞಾನ ವಿಭಾಗ, ಪುಣೆಯಲ್ಲಿ 1950ರಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ. ಈ ಭಾಗದ ರಸಾಯನ ವಿದ್ಯೆ ಬೆಳೆದಷ್ಟು ಬೇಗ ಕಾನೂನು ತಾರಸಿ ಹತ್ತಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಅಪಾಯಕಾರಿ ಹೊಗೆಯ ಬಗ್ಗೆ ಮಾತಾಡಿತು. ಭೋಪಾಲದ ಅನಿಲ ದುರಂತದ ನಂತರ, 1987ರ ತಿದ್ದುಪಡಿ ಅಪಾಯದ ವಿವರವನ್ನು ಕಾರ್ಮಿಕರಿಗೆ ತಿಳಿಸಲೇಬೇಕೆಂದಿತು. ಆದರೆ ಕಾಲೇಜಿನ ಲ್ಯಾಬ್ ಸಾಮಾನ್ಯವಾಗಿ ಕಾರ್ಖಾನೆಯ ಲೆಕ್ಕಕ್ಕೆ ಬರುವುದಿಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಗುತ್ತಿಗೆ ಹುಡುಗನಿಗೆ ಇಂಗ್ಲಿಷಿನಲ್ಲಿರುವ ಎಚ್ಚರಿಕೆಯ ಫಲಕವೂ ಅಷ್ಟಕ್ಕಷ್ಟೆ. ಕೆಲಸಕ್ಕೆ ಅನುಮತಿ ಕೊಡುವ ಪರ್ಮಿಟ್ ಹಾಳೆಯಲ್ಲಿ ಕನ್ನಡದ ನಾಲ್ಕು ಸಾಲು ಸೇರಿಸಲು ಎಷ್ಟು ಖರ್ಚಾದೀತು?

ಟೋಪಿಗೆ ಉತ್ತರ ಹಳೆಯದೇ. ಅಮೆರಿಕದ ಆನ್ಸಿ ಝೆಡ್ 9.5 ಮಾನದಂಡದ ಪ್ರಕಾರ ಚಿಮಣಿ ತಾರಸಿಯಿಂದ ಕನಿಷ್ಠ 10 ಅಡಿ ಮೇಲಿರಬೇಕು, ಗಾಳಿ ನಿಮಿಷಕ್ಕೆ 3000 ಅಡಿ, ಅಂದರೆ ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಹೋಗಬೇಕು. ದಪ್ಪ ಮಳೆಹನಿ ಬೀಳುವುದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ. ಫ್ಯಾನ್ ಓಡುವಾಗ ಹನಿ ಒಳಗಿಳಿಯಲಾರದು. ನಿಂತಾಗ ಇಳಿಯುವ ನೀರಿಗೆ ಬ್ಲೋವರ್ ಹೊಟ್ಟೆಯ ತಳದಲ್ಲಿ ತೂತು, ಅದಕ್ಕೊಂದು ಪೈಪು ಸಾಕು. ಆ ನೀರು ಹುಳಿಯಾಗಿರಬಹುದು, ತಾರಸಿಗೆ ಬಿಡಬಾರದು.

ರಿಪೇರಿಗೆ ಹತ್ತುವ ಮುಂಚೆ ಫ್ಯಾನಿನ ನಂಬರೂ ಹುಡ್‌ನ ನಂಬರೂ ತಾಳೆಯಾಗಬೇಕು. ತಪ್ಪಿ ಪಕ್ಕದ ಹುಡ್ ನಿಲ್ಲಿಸಿದರೆ ಕೆಳಗಿನ ರಸಾಯನಜ್ಞರು ಆವಿಯಲ್ಲಿ ಸಿಕ್ಕಿಬೀಳುತ್ತಾರೆ. ಪ್ರಯೋಗ ನಿಲ್ಲಿಸಿ, ಬಾಟಲಿ ಮುಚ್ಚಿಸಿ, ಖಾಲಿ ಹುಡ್ ಸ್ವಲ್ಪ ಹೊತ್ತು ಓಡಲಿ. ಆಮೇಲೆ ಫ್ಯಾನಿನ ಬಳಿಯ ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್) ಆಫ್, ಕೆಲಸಗಾರನದೇ ಬೀಗ, ಕೀಲಿ ಅವನ ಜೇಬಿನಲ್ಲಿ. ಕೆಳಗಿನ ಸ್ವಿಚ್ಚನ್ನು ನಂಬಬೇಡಿ. ವೇಗ ನಿಯಂತ್ರಿಸುವ ಡ್ರೈವ್ ಇದ್ದರೆ ಕರೆಂಟ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಶಾಕ್ ಉಳಿದಿರುತ್ತದೆ. ಅದರ ಮೇಲೆ ಬರೆದಷ್ಟು ನಿಮಿಷ ಕಾಯಿರಿ. ಒಂದೇ ಡಕ್ಟಿಗೆ ಎರಡು ಫ್ಯಾನ್ ಇದ್ದರೆ ನಿಂತದ್ದೂ ಎಳೆತಕ್ಕೆ ತಿರುಗುತ್ತದೆ, ಅದರ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಕಟ್ಟಿಹಾಕಿ. ಧೂಳಿನ ಮಾಸ್ಕ್ ಆವಿ ತಡೆಯದು, ಆಮ್ಲಕ್ಕೂ ದ್ರಾವಕಕ್ಕೂ ತಕ್ಕ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಪರ್‌ಕ್ಲೋರಿಕ್ ಆಮ್ಲದ ಹುಡ್ ಮಾತ್ರ ಬೇರೆಯೇ ಜಾತಿ. ಡಕ್ಟಿನಲ್ಲಿ ಕಟ್ಟಿದ ಹರಳು ಸುತ್ತಿಗೆಯ ಏಟಿಗೆ, ಬೋಲ್ಟಿನ ತಿಕ್ಕಾಟಕ್ಕೇ ಸಿಡಿಯಬಹುದು. ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಸ್ಪ್ಯಾನರ್ ಆಮೇಲೆ.

ಮರುಜೋಡಣೆಯಲ್ಲಿ ಮೋಸಹೋಗುವ ಜಾಗ ಒಂದಿದೆ. ಮೋಟಾರಿನ ಎರಡು ಫೇಸ್ ತಂತಿ ಅದಲುಬದಲಾದರೆ ಸೆಂಟ್ರಿಫ್ಯೂಗಲ್ ಫ್ಯಾನ್ ಉಲ್ಟಾ ತಿರುಗಿಯೂ ಗಾಳಿಯನ್ನು ಅದೇ ದಿಕ್ಕಿಗೆ ತಳ್ಳುತ್ತದೆ, ತೀರಾ ಕಡಿಮೆ ಅಷ್ಟೆ. ಕೈಯೊಡ್ಡಿ ‘ಗಾಳಿ ಬರ್ತಿದೆ’ ಎಂದು ಇಳಿದುಬಿಡುತ್ತಾರೆ. ಬಾಣದ ಗುರುತಿನಂತೆ ತಿರುಗುತ್ತಿದೆಯೇ ನೋಡಿ, ಕೆಳಗೆ ಹುಡ್ ಬಾಯಿಯಲ್ಲಿ ಗಾಳಿಯ ವೇಗ ಅಳೆಯುವ ಎನಿಮೋಮೀಟರ್ ಹಿಡಿದು ಸೆಕೆಂಡಿಗೆ ಸುಮಾರು 0.5 ಮೀಟರ್ ಬಂದ ಮೇಲಷ್ಟೇ ‘ಬಳಸಬೇಡಿ’ ಚೀಟಿ ಕೀಳಬೇಕು.