ಹಾಡಿದವರು ಹೋದ ಮೇಲೆ ಹಾಡು ಮುಗಿಸುವವರು ಯಾರು?

ಪ್ರಶ್ನೆ: ಪಂಜಾಬಿ ರ‍್ಯಾಪರ್ ಸಿದ್ದು ಮೂಸೆವಾಲಾ ತೀರಿಕೊಂಡಿದ್ದು 2022ರಲ್ಲಿ. ಆದರೂ ಅವರ ಹೊಸ ಹಾಡುಗಳು ಬರುತ್ತಲೇ ಇವೆ. ನಮ್ಮ ರೂಮಿನಲ್ಲಿ ಇದೇ ಜಗಳ. ಒಬ್ಬ ‘ಎಲ್ಲಾ ಎಐ’ ಅಂತಾನೆ, ಇನ್ನೊಬ್ಬ ‘ಹಳೇ ರೆಕಾರ್ಡಿಂಗ್’ ಅಂತಾನೆ. ಸತ್ತ ರ‍್ಯಾಪರ್‌ನ ಹೊಸ ಹಾಡನ್ನು ನಿಜವಾಗಿ ಹೇಗೆ ಮಾಡುತ್ತಾರೆ?
– ಸಿಂಧನೂರಿನ ಓದುಗರು

ಉತ್ತರ: ಹಳೇ ರೆಕಾರ್ಡಿಂಗ್ ಎಂದ ಗೆಳೆಯ ಹೇಳಿದ್ದೇ ಸರಿ. ಮೂಸೆವಾಲಾ ಹಾಡಿಟ್ಟು ಹೋಗಿದ್ದ ಧ್ವನಿಯ ಮೇಲೇ ಆ ಹಾಡುಗಳನ್ನು ಕಟ್ಟಿದ್ದಾರೆ. ಆದರೆ ಜಗಳ ಅಲ್ಲಿಗೇ ಮುಗಿಯಬಾರದು. ಧ್ವನಿ ಅವರದ್ದು, ಸರಿ. ಉಳಿದದ್ದು? ಬೀಟ್, ಅಂದರೆ ಮಾತಿನ ಹಿಂದೆ ನುಡಿಯುವ ಸಂಗೀತ, ಯಾರು ಹಾಕಿದರು? ನಡುವೆ ಇನ್ನೊಬ್ಬರನ್ನು ಹಾಡಲು ಕರೆದವರು ಯಾರು? ಯಾವ ದಿನ ಬಿಡಬೇಕು ಎಂದು ತೀರ್ಮಾನಿಸಿದವರು ಯಾರು? ಈ ವಿಷಯದಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸುವುದು ಇವೇ ಪ್ರಶ್ನೆಗಳು.

ಮೊದಲು ಸುಲಭದ್ದನ್ನು ಹೇಳಿಬಿಡುತ್ತೇನೆ. ಕೆಲವು ಹಾಡುಗಳು ಕಲಾವಿದ ಬದುಕಿದ್ದಾಗಲೇ ಪೂರ್ತಿ ತಯಾರಾಗಿರುತ್ತವೆ, ಬಿಡುಗಡೆ ಮಾತ್ರ ಬಾಕಿ. ಅಮೆರಿಕದ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ. 1997ರ ಮಾರ್ಚ್ 9ರಂದು ಗುಂಡೇಟಿಗೆ ಬಲಿಯಾದರು. ಅವರ ಆಲ್ಬಂ ಮಾರ್ಚ್ 25ಕ್ಕೆ ಅಂಗಡಿಗೆ ಬಂತು. ಅದು ಮೊದಲೇ ಮುಗಿದಿದ್ದ ಕೆಲಸ. ಅಲ್ಲಿಯ ಇನ್ನೊಬ್ಬ ರ‍್ಯಾಪರ್ ಟೂಪಾಕ್ ಶಕೂರ್ ಕೂಡ 1996ರ ಆಗಸ್ಟ್‌ನಲ್ಲಿ ಒಂದೇ ವಾರದ ಆಸುಪಾಸಿನಲ್ಲಿ ಒಂದು ಇಡೀ ಆಲ್ಬಂ ಹಾಡಿದ್ದರು. ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಅವರ ಮೇಲೆ ಗುಂಡು ಹಾರಿತು, 13ರಂದು ತೀರಿಕೊಂಡರು. ನವೆಂಬರ್ 5ರಂದು ಆಲ್ಬಂ ಬಂತು.

ಕಷ್ಟ ಇರುವುದು ಅರ್ಧಕ್ಕೆ ನಿಂತ ಹಾಡುಗಳಲ್ಲಿ. ಹಿಪ್‌ಹಾಪ್‌ನಲ್ಲಿ ಇಂಥವು ರಾಶಿ ರಾಶಿ ಉಳಿಯುತ್ತವೆ. ಸಿನಿಮಾ ಹಾಡಾದರೆ ಸಾಹಿತ್ಯ ಬರೆಯುವವರು, ಸಂಗೀತ ನಿರ್ದೇಶಕರು, ಗಾಯಕರು ಒಬ್ಬರಿಗೊಬ್ಬರು ಕಾಯಬೇಕು. ರ‍್ಯಾಪರ್‌ಗೆ ಕಾಯುವ ಕೆಲಸ ಇಲ್ಲ. ಯಾವುದೋ ಬೀಟ್ ಹಾಕಿಕೊಂಡು, ಮೈಕ್ ಮುಂದೆ ನಿಂತು, ಬಂದ ಸಾಲುಗಳನ್ನು ಹೇಳಿ ಸೇವ್ ಮಾಡಿಬಿಡುತ್ತಾನೆ. ನಾಳೆ ಇನ್ನೊಂದು. ಹೀಗಾಗಿ ಹಾರ್ಡ್‌ಡಿಸ್ಕ್‌ನಲ್ಲಿ ಒಂದೊಂದೇ ವರ್ಸ್ (ಚರಣ) ಇರುವ, ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಇಲ್ಲದ, ‘ಆಮೇಲೆ ನೋಡೋಣ’ ಎಂದು ಬಿಟ್ಟ ಫೈಲುಗಳು ತುಂಬಿರುತ್ತವೆ.

ಒಂದು ವರ್ಸ್ ಎಂದರೆ ಸಾಮಾನ್ಯವಾಗಿ 16 ಬಾರ್. ಬಾರ್ ಎಂದರೆ ತಾಳದ ಒಂದು ಸುತ್ತು, ಅದಕ್ಕೆ 4 ಬೀಟ್. ಇಲ್ಲಿ ಬೀಟ್ ಎಂದರೆ ತಾಳದ ಪೆಟ್ಟು. ನಿಮಿಷಕ್ಕೆ 90 ಬೀಟ್ ವೇಗದಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು 43 ಸೆಕೆಂಡ್. ಹಾಡಿಗೆ ಬೇಕಾದದ್ದು ಮೂರು ನಿಮಿಷ. ಉಳಿದ ಎರಡು ನಿಮಿಷ ಚಿಲ್ಲರೆಯನ್ನು ಯಾರೋ ತುಂಬಬೇಕು. ತೀರಿಕೊಂಡವರ ಹಾಡುಗಳಲ್ಲಿ ಅತಿಥಿ ಗಾಯಕರು ಯಾಕೆ ಇಷ್ಟೊಂದು ಎಂಬುದಕ್ಕೆ ಮುಖ್ಯ ಕಾರಣ ಇದೇ.

ಈಗ ಸ್ಟುಡಿಯೋ ಕೆಲಸಕ್ಕೆ ಬರೋಣ. ಎಂಜಿನಿಯರ್ ಮೊದಲು ಹುಡುಕುವುದು ಪ್ರಾಜೆಕ್ಟ್ ಫೈಲನ್ನು. ಅದು ಸಿಕ್ಕರೆ ಗೆದ್ದಂತೆ. ಅದರಲ್ಲಿ ಮುಖ್ಯ ಧ್ವನಿ ಒಂದು ಟ್ರ್ಯಾಕ್, ಅದರ ಮೇಲೆ ಒತ್ತು ಕೊಡಲು ಮತ್ತೆ ಹೇಳಿದ ಪದಗಳು ಇನ್ನೊಂದು, ನಡುನಡುವೆ ಕೂಗಿದ ‘ಹೇ’, ‘ಯಾ’ಗಳು ಮತ್ತೊಂದು. ಎಲ್ಲವೂ ಬೇರೆ ಬೇರೆ ಇರುತ್ತವೆ. ಬೀಟ್ ತೆಗೆದು ಪಕ್ಕಕ್ಕಿಟ್ಟರೆ ಧ್ವನಿ ಮಾತ್ರ ಶುದ್ಧವಾಗಿ ಉಳಿಯುತ್ತದೆ.

ಎಷ್ಟೋ ಸಲ ಸಿಗುವುದು ಬೀಟ್ ಮತ್ತು ಧ್ವನಿ ಬೆರೆತ ಒಂದೇ ಎಂಪಿ3. ಆಗ ಎರಡನ್ನೂ ಬಿಡಿಸುವ ಸಾಫ್ಟ್‌ವೇರ್ ಬೇಕು. ಬೀಟಲ್ಸ್ ತಂಡದ ಜಾನ್ ಲೆನನ್ ಕ್ಯಾಸೆಟ್‌ನಲ್ಲಿ ಪಿಯಾನೊ ನುಡಿಸುತ್ತಾ ಹಾಡಿಟ್ಟಿದ್ದ ಒಂದು ಹಾಡು ಇದೇ ವಿಧಾನದಿಂದ 2023ರ ನವೆಂಬರ್‌ನಲ್ಲಿ ಹೊರಬಂತು. ಲೆನನ್ ಸತ್ತಿದ್ದು 1980ರಲ್ಲಿ. ರ‍್ಯಾಪ್‌ನಲ್ಲಿ ಈ ಬಿಡಿಸುವ ಕೆಲಸಕ್ಕೆ ಒಂದು ತೊಡಕಿದೆ. ‘ಸ’, ‘ಶ’ ಅಕ್ಷರಗಳ ಸದ್ದೂ ಡ್ರಮ್ ಜೊತೆಗಿನ ಹೈಹ್ಯಾಟ್ ಎಂಬ ತಾಳದ ತಟ್ಟೆಗಳ ಸದ್ದೂ ಹೆಚ್ಚುಕಡಿಮೆ ಒಂದೇ ಸ್ಥಾಯಿಯಲ್ಲಿ ಇರುತ್ತವೆ. ಹೈಹ್ಯಾಟ್ ಕಿತ್ತಾಗ ಅಕ್ಷರದ ಅಂಚೂ ಕಿತ್ತು ಬರುತ್ತದೆ. ಹೆಡ್‌ಫೋನ್ ಹಾಕಿ ಕೇಳಿ. ಇಂಥ ಹಾಡುಗಳಲ್ಲಿ ಧ್ವನಿ ಒಂದೊಂದು ಕಡೆ ನೀರೊಳಗಿಂದ ಬಂದಂತೆ ಕೇಳಿಸುತ್ತದೆ.

ಧ್ವನಿ ಕೈಗೆ ಬಂದ ಮೇಲೆ ಬೀಟ್ ಬದಲಿಸಬಹುದು. ರಾಗದ ಹಾಡಾದರೆ ಶ್ರುತಿ ಹೊಂದಬೇಕು, ಸ್ವರ ಹೊಂದಬೇಕು. ರ‍್ಯಾಪ್ ಹೆಚ್ಚಾಗಿ ಲಯದ ಮೇಲೆ ನಿಂತ ಮಾತು. ಅದೇ 16 ಬಾರ್‌ಗಳನ್ನು ಎತ್ತಿ ಬೇರೊಂದು ಸಂಗೀತದ ಮೇಲೆ ಕೂರಿಸಿದರೂ ನಿಲ್ಲುತ್ತವೆ. ವೇಗ ಸ್ವಲ್ಪ ಹೆಚ್ಚುಕಡಿಮೆ ಮಾಡಿದರೆ ಕಿವಿಗೆ ಗೊತ್ತಾಗುವುದಿಲ್ಲ. ಜಾಸ್ತಿ ಎಳೆದರೆ ಮಾತು ಕೆಡುತ್ತದೆ.

ಟೂಪಾಕ್‌ರ ‘ಚೇಂಜಸ್’ ಹೀಗೆ ಆದದ್ದು. ಅವರು ಅದನ್ನು ಹಾಡಿದ್ದು 1992ರ ಸುಮಾರಿಗೆ. ಕರಿಯರ ಬಡತನ, ಪೊಲೀಸರ ದಬ್ಬಾಳಿಕೆ, ಜೈಲು, ಇವೇ ಅದರ ವಸ್ತು. ಬ್ರೂಸ್ ಹಾರ್ನ್ಸ್‌ಬಿ ಎಂಬ ಬಿಳಿಯ ಗಾಯಕ 1986ರಲ್ಲಿ ಜನಾಂಗ ಭೇದದ ಬಗ್ಗೆಯೇ ಮಾಡಿದ್ದ ಹಾಡಿನ ಪಿಯಾನೊ ಅದರ ಬೆನ್ನೆಲುಬು. ಟೂಪಾಕ್ ಸತ್ತ ಎರಡು ವರ್ಷಕ್ಕೆ ಹಾಡಿಗೆ ಹೊಸ ರೂಪ ಕೊಟ್ಟು 1998ರಲ್ಲಿ ಬಿಟ್ಟರು. ಹುಕ್ ಹಾಡಿದ್ದು ಟ್ಯಾಲೆಂಟ್ ಎಂಬ ತಂಡ. 2000ನೇ ಇಸವಿಯಲ್ಲಿ ಅದಕ್ಕೆ ಗ್ರ್ಯಾಮಿ ನಾಮನಿರ್ದೇಶನ ಸಿಕ್ಕಿತು. ಇವತ್ತು ಟೂಪಾಕ್ ಎಂದರೆ ಜಗತ್ತಿಗೆ ಮೊದಲು ನೆನಪಾಗುವ ಹಾಡುಗಳಲ್ಲಿ ಇದೂ ಒಂದು. ಆದರೆ ನಾವು ಕೇಳುವ ಈ ರೂಪವನ್ನು ಅವರು ಒಮ್ಮೆಯೂ ಕೇಳಲಿಲ್ಲ. ಅದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಮುಗಿಸುವವರು ಯಾರು ಎನ್ನುವುದರ ಮೇಲೆ ಎಲ್ಲಾ ನಿಂತಿದೆ. ಅಮೆರಿಕದ ರ‍್ಯಾಪರ್ ಮ್ಯಾಕ್ ಮಿಲ್ಲರ್ 2018ರ ಸೆಪ್ಟೆಂಬರ್‌ನಲ್ಲಿ, 26ನೇ ವಯಸ್ಸಿಗೆ ತೀರಿಕೊಂಡಾಗ ‘ಸರ್ಕಲ್ಸ್’ ಆಲ್ಬಂ ಅರ್ಧ ಆಗಿತ್ತು. ಅದನ್ನು ಮುಗಿಸಿದ್ದು ಸಂಗೀತ ನಿರ್ಮಾಪಕ ಜಾನ್ ಬ್ರಯನ್. ಅವರು ಮಿಲ್ಲರ್ ಜೊತೆ ಅದೇ ಆಲ್ಬಂ ಮೇಲೆ ಕೆಲಸ ಮಾಡುತ್ತಿದ್ದವರು. ಎಲ್ಲಿ ಏನು ಬೇಕು ಎಂದು ಇಬ್ಬರೂ ಕೂತು ಮಾತಾಡಿದ್ದರು. 2020ರ ಜನವರಿಯಲ್ಲಿ ಅದು ಬಂದಾಗ ಮನೆಯವರು ಇದನ್ನೆಲ್ಲ ಬಿಡಿಸಿ ಹೇಳಿದರು. ಆ ಆಲ್ಬಂನಲ್ಲಿ ಅತಿಥಿಗಳ ಗದ್ದಲ ಇಲ್ಲ. ಮಿಲ್ಲರ್ ಅವರೇ ಮುಂದೆ ಇದ್ದಾರೆ.

ಅಮೆರಿಕದ ಇನ್ನೊಬ್ಬ ರ‍್ಯಾಪರ್ ಪಾಪ್ ಸ್ಮೋಕ್‌ರದ್ದು ಬೇರೆ ಕಥೆ. 2020ರ ಫೆಬ್ರುವರಿಯಲ್ಲಿ ಕೊಲೆಯಾದಾಗ ಅವರಿಗೆ ಬರೀ 20. ಜುಲೈನಲ್ಲಿ ‘50 ಸೆಂಟ್’ ಎಂಬ ರ‍್ಯಾಪರ್ ಉಸ್ತುವಾರಿಯಲ್ಲಿ ಆಲ್ಬಂ ಬಂತು, ಭಾರೀ ಗೆದ್ದಿತು. ಅದರ ಮುಖಪುಟ ನೋಡಿ ಅಭಿಮಾನಿಗಳು ಸಿಟ್ಟಾಗಿದ್ದರಿಂದ ಬೇರೆಯದನ್ನು ಹಾಕಬೇಕಾಯಿತು. ಮರುವರ್ಷ ‘ಫೇತ್’ ಎಂಬ ಎರಡನೇ ಆಲ್ಬಂ ಬಂತು. ಕಾನ್ಯೆ ವೆಸ್ಟ್, ದುವಾ ಲಿಪಾ, ಫರೆಲ್ ಹೀಗೆ ದೊಡ್ಡ ತಾರೆಯರೆಲ್ಲಾ ಅದರಲ್ಲಿದ್ದಾರೆ. ಕೇಳಿದರೆ ಆ ಹುಡುಗ ತನ್ನದೇ ಆಲ್ಬಂಗೆ ಅತಿಥಿಯಾಗಿ ಬಂದ ಹಾಗಿದೆ. ಅಲ್ಲಿ ಧ್ವನಿ ನಿಜವಾಗಿಯೂ ಅವನದ್ದೇ. ಆದರೂ ನನಗೆ ಅದು ಅವನ ಆಲ್ಬಂ ಅನಿಸುವುದಿಲ್ಲ.

ಸತ್ತವರ ಕೆಲಸವನ್ನು ಬೇರೆಯವರು ಮುಗಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ಮಾನ್ವಿ ಕಡೆಯ ಚೀಕಲಪರ್ವಿಯ ವಿಜಯದಾಸರ ಬಗ್ಗೆ ದಾಸರ ಪರಂಪರೆಯಲ್ಲಿ ಒಂದು ಮಾತಿದೆ. ಪುರಂದರದಾಸರು ಐದು ಲಕ್ಷ ಕೀರ್ತನೆ ರಚಿಸುವ ಸಂಕಲ್ಪ ಮಾಡಿದ್ದರಂತೆ. 4,75,000 ಆಯಿತು, ಅಷ್ಟರಲ್ಲಿ ಕಾಲ ಬಂತು. ಉಳಿದ 25,000ವನ್ನು ಪೂರೈಸಿದವರು ವಿಜಯದಾಸರು ಎಂದು ಹೇಳುತ್ತಾರೆ. ವಿಜಯದಾಸರು ಹುಟ್ಟಿದ್ದೇ 1682ರಲ್ಲಿ, ಅಂದರೆ ಪುರಂದರದಾಸರು ಹೋಗಿ ನೂರು ವರ್ಷ ದಾಟಿದ ಮೇಲೆ. ನನ್ನ ಮನಸ್ಸಿಗೆ ನಾಟಿದ್ದು ಸಂಖ್ಯೆಯಲ್ಲ, ಅಂಕಿತ. ಗುರುವಿನ ಲೆಕ್ಕ ತುಂಬುತ್ತಿದ್ದರೂ ಅವರು ತಮ್ಮ ಪದಗಳಿಗೆ ‘ಪುರಂದರವಿಠಲ’ ಎಂದು ಹಾಕಲಿಲ್ಲ. ‘ವಿಜಯವಿಠಲ’ ಎಂದೇ ಹಾಕಿದರು. ಯಾವುದು ಅವರದ್ದು, ಯಾವುದು ಇವರದ್ದು ಎಂದು ಇವತ್ತಿಗೂ ಕೇಳಿದ ಕೂಡಲೇ ಗೊತ್ತಾಗುತ್ತದೆ.

ಇಂದಿನ ಹಾಡಿಗೂ ಇಷ್ಟೇ ಬೇಕು ಎನ್ನುತ್ತೇನೆ. ಧ್ವನಿ ಯಾವ ವರ್ಷದ್ದು, ಬೀಟ್ ಸಾವಿಗೆ ಮುಂಚಿನದ್ದೋ ಆಮೇಲಿನದ್ದೋ, ಅತಿಥಿಯನ್ನು ಕಲಾವಿದನೇ ಕರೆದಿದ್ದನೋ ಬೇರೆಯವರೋ. ಯೂಟ್ಯೂಬ್ ವಿವರಣೆಯಲ್ಲಿ ಮೂರು ಸಾಲು ಬರೆದರೆ ಸಾಕು. ಹೆಚ್ಚಿನವರು ಬರೆಯುವುದಿಲ್ಲ. ನಿಮ್ಮ ರೂಮಿನ ಜಗಳಕ್ಕೆ ಮೂಲ ಇದೇ ಅಲ್ವಾ?

ಮೂಸೆವಾಲಾ ವಿಷಯಕ್ಕೆ ಮತ್ತೆ ಬರುತ್ತೇನೆ. 2022ರ ಮೇ 29ರಂದು ಪಂಜಾಬಿನ ಮಾನ್ಸಾ ಜಿಲ್ಲೆಯಲ್ಲಿ ಅವರ ಕೊಲೆಯಾಯಿತು. ಅವರ ಹಾಡುಗಳ ಫೈಲುಗಳು ಬೇರೆ ಬೇರೆ ನಿರ್ಮಾಪಕರ ಬಳಿ ಚದುರಿದ್ದವು. ಯಾರೂ ಬಿಡುಗಡೆ ಮಾಡಬೇಡಿ, ಎಲ್ಲವನ್ನೂ ತಂದೆಗೆ ಒಪ್ಪಿಸಿ ಎಂದು ಅವರ ಕಡೆಯವರು ಕೇಳಿಕೊಂಡರು. ಆದರೂ ಆ ವರ್ಷ ಒಬ್ಬ ಹೆಸರಾಂತ ಸಂಗೀತ ನಿರ್ದೇಶಕರು ಅವರ ಧ್ವನಿ ಇರುವ ‘ಜಾಂದಿ ವಾರ್’ ಹಾಡನ್ನು ಸೆಪ್ಟೆಂಬರ್ 2ಕ್ಕೆ ಬಿಡುವುದಾಗಿ ಘೋಷಿಸಿದರು. ತಂದೆತಾಯಿ ಕೋರ್ಟಿಗೆ ಹೋದರು. ಮಾನ್ಸಾ ನ್ಯಾಯಾಲಯ ತಡೆ ಕೊಟ್ಟಿತು.

ತಂದೆತಾಯಿಗೆ ಆ ಹಕ್ಕು ಎಲ್ಲಿಂದ ಬರುತ್ತದೆ? ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯದ ಹಕ್ಕು ಬರೆದವರು ಸತ್ತ ಮೇಲೂ 60 ವರ್ಷ ಇರುತ್ತದೆ. ಲೆಕ್ಕ ಶುರುವಾಗುವುದು ಸತ್ತ ಮರುವರ್ಷದಿಂದ. ಅಂದರೆ ಮೂಸೆವಾಲಾ ಬರೆದ ಸಾಲುಗಳು 2082ರ ಕೊನೆಯವರೆಗೆ. ಅವರು ಬೇರೆಯವರಿಗೆ ಬರೆದುಕೊಡದೇ ಇದ್ದರೆ ಅದು ವಾರಸುದಾರರಿಗೆ ಸೇರುತ್ತದೆ. ಬರೆದುಕೊಡುವುದೂ ಬಾಯಿಮಾತಿನಲ್ಲಿ ನಡೆಯುವುದಿಲ್ಲ, ಕಾಗದದ ಮೇಲೆ ಸಹಿ ಬೇಕು. 2012ರ ತಿದ್ದುಪಡಿ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಸಾಹಿತಿ ಮತ್ತು ಸಂಗೀತಗಾರನ ರಾಯಲ್ಟಿ ಪಾಲನ್ನು ವಾರಸುದಾರರಿಗೋ ಹಕ್ಕುಸ್ವಾಮ್ಯ ಸಂಘಕ್ಕೋ ಬಿಟ್ಟರೆ ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಕೃತಿಯನ್ನು ತಿರುಚಿ ಹೆಸರು ಕೆಡಿಸಿದರೆ ತಡೆಯುವ ಹಕ್ಕೂ ಮನೆಯವರಿಗೆ ಉಂಟು.

ಮೂಸೆವಾಲಾ ಸತ್ತ ಮೇಲೆ ಮೊದಲು ಬಂದದ್ದು ‘ಎಸ್‌ವೈಎಲ್’, 2022ರ ಜೂನ್ 23ಕ್ಕೆ. ಅದು ಸಟ್ಲೆಜ್-ಯಮುನಾ ಜೋಡಣೆ ಕಾಲುವೆಯ ಹಾಡು. ಪಂಜಾಬ್ ಮತ್ತು ಹರಿಯಾಣ ನಡುವಿನ ನೀರಿನ ಜಗಳ. ಕಾಲುವೆಯ ಉದ್ದ 214 ಕಿ.ಮೀ. ನಮ್ಮ ತುಂಗಭದ್ರಾ ಎಡದಂಡೆ ನಾಲೆ 227 ಕಿ.ಮೀ. ಕೊನೆ ಭಾಗದ ಹೊಲಕ್ಕೆ ನೀರು ಬರದಿದ್ದಾಗ ಏನಾಗುತ್ತದೆ ಎಂದು ಮಾನ್ವಿ, ಸಿರವಾರದ ರೈತರಿಗೆ ಹೇಳಿಕೊಡಬೇಕಿಲ್ಲ. ನೀರಿನ ಬಗ್ಗೆ ಹಾಡಿದರೆ ಅದು ಸುಮ್ನೆ ಹಾಡಾಗಿ ಉಳಿಯುವುದಿಲ್ಲ ಎಂಬುದೂ ನಮಗೆ ಗೊತ್ತು. ಕೆಲವೇ ದಿನಗಳಲ್ಲಿ ಸರ್ಕಾರದ ಕಾನೂನು ದೂರಿನ ಮೇರೆಗೆ ಯೂಟ್ಯೂಬ್ ಅದನ್ನು ಭಾರತದಲ್ಲಿ ತೆಗೆಯಿತು. ಬದುಕಿದ್ದರೆ ಅವರೇ ಉತ್ತರ ಕೊಡುತ್ತಿದ್ದರು, ಜಗಳ ಆಡುತ್ತಿದ್ದರು, ಬೇಕಾದರೆ ಒಂದು ಸಾಲು ತಿದ್ದುತ್ತಿದ್ದರು. ಆ ಅವಕಾಶ ಅವರಿಗೆ ಇರಲಿಲ್ಲ.

ಇನ್ನು ಎಐ. ಅದು ಬಂದೇ ಇಲ್ಲ ಎಂದು ಹೇಳುವುದಿಲ್ಲ. 2024ರ ಏಪ್ರಿಲ್‌ನಲ್ಲಿ ರ‍್ಯಾಪರ್ ಡ್ರೇಕ್ ಒಂದು ಹಾಡಿನಲ್ಲಿ ಟೂಪಾಕ್ ಧ್ವನಿಯನ್ನು ಎಐನಿಂದ ಮಾಡಿ ಬಳಸಿದರು. ಟೂಪಾಕ್ ಆಸ್ತಿ ನೋಡಿಕೊಳ್ಳುವವರು ನೋಟಿಸ್ ಕೊಟ್ಟ ಮೇಲೆ ಹಾಡು ತೆಗೆದರು. ಅದೇ ವರ್ಷ ಎ.ಆರ್. ರೆಹಮಾನ್ ತಮಿಳು ಸಿನಿಮಾವೊಂದರಲ್ಲಿ ತೀರಿಕೊಂಡ ಗಾಯಕರಾದ ಬಂಬಾ ಬಾಕ್ಯಾ, ಶಾಹುಲ್ ಹಮೀದ್ ಧ್ವನಿಗಳನ್ನು ಎಐನಿಂದ ತಂದರು. ಮನೆಯವರ ಒಪ್ಪಿಗೆ ಪಡೆದರು, ಹಣ ಕೊಟ್ಟರು, ಬಹಿರಂಗವಾಗಿ ಹೇಳಿದರು. ನಮ್ಮಲ್ಲೇ ‘ಜೇಮ್ಸ್’ ನೆನಪಿದೆಯಲ್ಲ? ಅಪ್ಪು ಡಬ್ಬಿಂಗ್ ಮಾಡುವ ಮುಂಚೆಯೇ ಹೋದರು. ಮೊದಲು ಶಿವಣ್ಣ ದನಿ ಕೊಟ್ಟರು, ಆಮೇಲೆ ತಂತ್ರಜ್ಞಾನದಿಂದ ಅಪ್ಪು ದನಿಯನ್ನೇ ಕೂರಿಸಿದರು. ಮುಚ್ಚಿಡಲಿಲ್ಲ, ಎಲ್ಲರಿಗೂ ತಿಳಿಸಿಯೇ ಮಾಡಿದರು. ಆದರೆ ರ‍್ಯಾಪ್‌ನಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ರ‍್ಯಾಪರ್ ತನ್ನ ಮಾತು ತಾನೇ ಬರೆದು ತಾನೇ ಹೇಳುವವನು. ಅವನು ಬರೆಯದ ಸಾಲನ್ನು ಅವನ ದನಿಯಲ್ಲಿ ಹೇಳಿಸಿದರೆ ಅವನ ಬಾಯಲ್ಲಿ ಸುಳ್ಳು ಹೇಳಿಸಿದ ಹಾಗೆ.

ಕೊನೆಯದಾಗಿ, ಸಿಂಧನೂರು, ರಾಯಚೂರು, ಬಳ್ಳಾರಿ, ಗಂಗಾವತಿ ಕಡೆ ಮೊಬೈಲ್‌ನಲ್ಲೇ ರ‍್ಯಾಪ್ ಮಾಡಿ ಹಾಕುವ ಹುಡುಗ ಹುಡುಗಿಯರಿಗೆ ಎರಡು ಮಾತು. ನೀವು ಯೂಟ್ಯೂಬ್‌ನಿಂದ ಇಳಿಸುವ ‘ಫ್ರೀ ಬೀಟ್’ ಹೆಚ್ಚಿನ ಸಲ ಹಣ ಮಾಡದ ಬಳಕೆಗೆ ಮಾತ್ರ ಫ್ರೀ. ಅದರ ಮೇಲೆ ಹಾಡಿದ ಹಾಡನ್ನು ಮುಂದೆ ನೀವಾಗಲಿ ಮನೆಯವರಾಗಲಿ ಮಾರಲು ಹೋದರೆ ಬೀಟ್ ಮಾಡಿದವರ ಅನುಮತಿ ಬೇಕು. ಎಷ್ಟೋ ಹಾಡುಗಳ ಬೀಟ್ ಬದಲಾಗುವುದು ಇದೇ ಕಾರಣಕ್ಕೆ. ಹಾಗಾಗಿ ಬೀಟ್ ಎಲ್ಲಿಂದ ತಂದಿರಿ ಎಂದು ಫೈಲ್ ಹೆಸರಿನಲ್ಲೇ ಬರೆದಿಡಿ, ತಾರೀಖಿನ ಜೊತೆ. ಧ್ವನಿಯ ಟ್ರ್ಯಾಕನ್ನು ಬೀಟ್ ಇಲ್ಲದೆ ಬೇರೆಯಾಗಿ ಉಳಿಸಿ. ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ವಾಯ್ಸ್ ನೋಟ್ ಮಾಡಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಸದ್ದು ಹಿಂಡಿ ಹೋಗುತ್ತದೆ. ಅರ್ಧ ಹಾಡುಗಳನ್ನು ಬೇರೆಯವರು ಮುಗಿಸುವುದು ನಿಮಗೆ ಬೇಡ ಅನಿಸಿದರೆ ಅದನ್ನೂ ಬರೆದಿಡಿ. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬುದು ಇದೆ. ನೀವು ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಫೈಲುಗಳು ಯಾರಿಗೆ ಸಿಗಬೇಕು ಎಂದು ಅಲ್ಲಿ ಒಬ್ಬರ ಇಮೇಲ್ ವಿಳಾಸ ಕೊಡಬಹುದು. ಅಮ್ಮನದ್ದೋ, ತಮ್ಮನದ್ದೋ, ಯಾರದ್ದು ಹಾಕಬೇಕು ಎಂದು ಅವರನ್ನೇ ಕೇಳಿ ಹಾಕಿ.